ಹದ್ದಿನಬೋರೆಯ ಚಳಿಗಾಲದ ದಾರಿ

ಯಸಳೂರಿನ ಕಡೆಯಿಂದ ಹದ್ದಿನಬೋರೆಯ ನೆತ್ತಿಗೆ ಹತ್ತಲು ಇರುವುದು ಎರಡೇ ದಾರಿ. ಒಂದು ಪರಮಶಿವಯ್ಯನವರ ಎಸ್ಟೇಟಿನ ಒಳಗಿಂದ ಹೋಗುತ್ತದೆ. ಕಾಫಿ ಗಿಡಗಳ ನಡುವೆ ಜೀಪ್ ರಸ್ತೆ ಮುಗಿದಲ್ಲಿ ಹುಲ್ಲುಗಾವಲು ಶುರುವಾಗಿ, ಅಲ್ಲಿಂದ ನೆತ್ತಿಯವರೆಗೂ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಇನ್ನೊಂದು ಬಿದಿರುಹೊಂಡದ ದಾರಿ. ಅದು ಕೂಲಿಯವರ ಸಾಲುಮನೆಗಳಿರುವ ಲೈನಿನ ರಸ್ತೆಯಿಂದ ಒಡೆದು, ಬಿದಿರುಮೆಳೆ ತುಂಬಿದ ಒಂದು ತಗ್ಗಿಗೆ ಇಳಿದು, ಹಳ್ಳ ದಾಟಿ, ಮತ್ತೆ ಕಡಿದಾಗಿ ಏರುತ್ತದೆ. ಹೊಂಡದ ಕೆಳಗಿನ ಬಾಯಿ ಅದೇ ರಸ್ತೆಯ ತಗ್ಗಿನ ತಿರುವಿಗೆ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡರಲ್ಲೂ ಯಾರೂ ಹೋಗುವುದಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದಮೇಲೆ, ಬೆಳಗಿನ ಮಂಜು ಕಣಿವೆಯಲ್ಲಿ ಕೆಳಗೆ ನಿಂತು ಗುಡ್ಡಗಳ ತಲೆ ಮಾತ್ರ ಮೇಲೆ ಕಾಣುವ ಹೊತ್ತಿನಲ್ಲಿ, ಅದನ್ನು ನೋಡಲೆಂದೇ ಜನ ಬರುತ್ತಾರೆ.

ಮೊದಮೊದಲು ಯಸಳೂರಿನ ಸುತ್ತಮುತ್ತಲಿನವರೇ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಎಲ್ಲೆಲ್ಲಿಂದಲೋ ಕಾರುಗಳು ಬಂದು ರಸ್ತೆಯ ಎರಡೂ ಬದಿ ನಿಲ್ಲತೊಡಗಿದವು. ಸಕಲೇಶಪುರದ ಬಸ್ಸು ತಿರುಗಲು ಜಾಗವಿಲ್ಲದೆ ಹಿಂದಕ್ಕೆ ಹೋದದ್ದೂ ಉಂಟು. ಒಣಗಿದ ಹುಲ್ಲಿಗೆ ಯಾರೋ ಬೆಂಕಿ ಬೀಳಿಸಿ ಒಂದು ಮಗ್ಗುಲು ಪೂರ್ತಿ ಕರಿ ಮಾಡಿದರು. ಮಂಜಿನಲ್ಲಿ ದಾರಿ ತಪ್ಪಿದ ಇಬ್ಬರು ಹುಡುಗರನ್ನು ಊರಿನವರು ಮಾರನೆಯ ದಿನ ಹಳ್ಳದ ಪಕ್ಕದಲ್ಲಿ, ಚಳಿಗೆ ಮರಗಟ್ಟಿ ಕೂತಿದ್ದವರನ್ನು, ಎತ್ತಿಕೊಂಡು ಬಂದರು. ಅದಾದಮೇಲೆಯೇ, ಇದಕ್ಕೊಂದು ಸಮಿತಿ ಮಾಡೋಣ ಎಂದು ಸೌಜನ್ಯ ಮಾತು ಎತ್ತಿದ್ದು.

ಸೌಜನ್ಯ ಪಂಚಾಯ್ತಿ ಸದಸ್ಯೆ. ಗಂಡ ರವಿಚಂದ್ರನ ಜೊತೆ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿದ್ದಳು. ಹಿಡಿದ ಕೆಲಸ ಬಿಡುವ ಸ್ವಭಾವ ಅವಳದ್ದಲ್ಲ. ಜನ ಹೇಗೂ ಬರುತ್ತಾರೆ, ಬೇಡವೆಂದರೂ ಹತ್ತುತ್ತಾರೆ, ಹತ್ತುವವರನ್ನು ನಾವೇ ಸರಿಯಾದ ದಾರಿಯಲ್ಲಿ ಹತ್ತಿಸೋಣ ಎಂಬುದು ಅವಳ ವಾದ. ಚಳಿಗಾಲಕ್ಕಷ್ಟೇ ದಾರಿ ತೆರೆಯುವುದು, ಶಿವರಾತ್ರಿಗೆ ಮುಚ್ಚುವುದು. ಕಾರುಗಳಿಗೆ ಪಂಚಾಯ್ತಿಯ ಬಯಲು. ಊರಿನ ಹುಡುಗ ಹುಡುಗಿಯರು ಗೈಡುಗಳು. ಗೈಡಿಲ್ಲದೆ ಯಾರೂ ಹೋಗುವಂತಿಲ್ಲ. ಫಾರೆಸ್ಟರ್ ಜಯಕುಮಾರ್ ಅವಳ ಜೊತೆ ಗುಡ್ಡ ಸುತ್ತಿ, ಎಲ್ಲಿ ಹುಲ್ಲು ತುಳಿಯಬಾರದು, ಎಲ್ಲಿ ಬಂಡೆ ಜಾರುತ್ತದೆ ಎಂದೆಲ್ಲ ತೋರಿಸಿಕೊಟ್ಟರು.

ಉಳಿದದ್ದು ಯಾವ ದಾರಿ ಎಂಬ ಪ್ರಶ್ನೆ. ಎಲ್ಲರ ಮನಸ್ಸೂ ಎಸ್ಟೇಟಿನ ದಾರಿಯ ಮೇಲೆಯೇ ಇತ್ತು. ಸೌಜನ್ಯ ಪರಮಶಿವಯ್ಯನವರ ಮನೆಗೆ ಹೋಗಿ ಕೇಳಿದಳು. ಅವರು ಕಾಫಿ ಕೊಟ್ಟು, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆಗುವುದಿಲ್ಲ ಎಂದರು.

"ನೋಡವ್ವ, ಅದು ಕುಯ್ಲು ಕಾಲ. ತೋಟದ ತುಂಬ ಆಳು ಇರ್ತಾರೆ. ಬಂದೋರು ಗೇಟು ಹಾಕ್ದೆ ಹೋಗ್ಬುಡ್ತಾರೆ, ಆನೆ ಒಳಗ್ ಬತ್ತವೆ. ಆಳುಗಳಿಗೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು, ನಿಮ್ ಕಮಿಟೀದಾ?"

"ಹೊಂಡದಾಗೂ ಆನೆ ಐತಲ್ಲ ಪರಮಶಿವಣ್ಣ."

"ಐತೆ. ಅದ್ಕೇ ಅಲ್ಲೂ ಹೋಗ್ಬ್ಯಾಡಿ ಅಂತೀನಿ. ಬೋರೆ ಎಲ್ಲೂ ಓಡೋಗಲ್ಲ. ಜನ ನೋಡ್ದೇ ಇದ್ರೆ ಅದಕ್ಕೇನು ನಷ್ಟ?"

ಅವರ ಮಾತಿನಲ್ಲಿ ನ್ಯಾಯವಿತ್ತು ಎಂದು ಸೌಜನ್ಯಳಿಗೆ ಅಲ್ಲಿ ಕೂತಿದ್ದಾಗಲೇ ಅನ್ನಿಸಿತು. ಆದರೆ ಅವರ ಗೇಟಿನ ಬೀಗ, ಬೇಲಿಗೆ ಹಾಕಿಸಿದ್ದ ಸೋಲಾರ್ ತಂತಿ, ಕಾಲ ಮೇಲೆ ಕಾಲು ಹಾಕಿಕೊಂಡು ಮಾತಾಡುವ ರೀತಿ, ಇವೆಲ್ಲ ಸೇರಿ ಅವಳಿಗೆ ಆ ನ್ಯಾಯವನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಸಮಿತಿಯಲ್ಲಿ ಅವಳೇ ಬಿದಿರುಹೊಂಡದ ದಾರಿಯನ್ನು ಮುಂದಿಟ್ಟಳು. ಆನೆಗಳ ಜಾಡು ಹಿಡಿಯುವ ಅರಣ್ಯ ಇಲಾಖೆಯ ತಂಡ ಬೆಳಿಗ್ಗೆ ಮೊಬೈಲಿಗೆ ಕಳಿಸುವ ಸಂದೇಶ ನೋಡಿ, ಹತ್ತಿರದಲ್ಲಿ ಆನೆ ಇದ್ದರೆ ಅವತ್ತು ದಾರಿ ಮುಚ್ಚುವುದು; ಇಲ್ಲದಿದ್ದರೆ ಮಾತ್ರ ತೆರೆಯುವುದು. ನಡುದಾರಿಯಲ್ಲಿ ಏನಾದರೂ ಸುಳಿವು ಸಿಕ್ಕರೆ ಗೈಡುಗಳು ಜನರನ್ನು ನೇರ ನೆತ್ತಿಗೆ ಹತ್ತಿಸಬೇಕು. ಗುಡ್ಡದ ಆಚೆ ಮಗ್ಗುಲಿನ ರಸ್ತೆಗೆ ಧರ್ಮ ಜೀಪು ತಂದು ಕರೆದುಕೊಂಡು ಬರಬೇಕು. ಧರ್ಮನಿಗೆ ಊರಿನಲ್ಲಿ ಬಾಡಿಗೆ ಜೀಪಿತ್ತು, ಅವನು ಕೂಡಲೇ ಒಪ್ಪಿದ. ಜಯಕುಮಾರ್, ರೇಡಿಯೋ ಕೊರಳಪಟ್ಟಿ ಹಾಕಿದ ಆನೆ ಎಲ್ಲಿದೆ ಎಂದಷ್ಟೇ ನಮಗೆ ಗೊತ್ತಾಗುತ್ತದೆ, ಒಂಟಿ ಸಲಗಗಳ ಲೆಕ್ಕ ಸಿಗುವುದಿಲ್ಲ, ಹುಷಾರಾಗಿರಿ ಎಂದರು. ಹುಷಾರಾಗಿಯೇ ಇರುತ್ತೇವೆ ಎಂದಳು ಸೌಜನ್ಯ.

ಗೈಡುಗಳಲ್ಲಿ ಮೊದಲು ಬಂದವಳು ರಶ್ಮಿತಾ. ಲೈನಿನಲ್ಲಿದ್ದ ಈರಮ್ಮನ ಮಗಳು. ಈರಮ್ಮ ಪರಮಶಿವಯ್ಯನವರ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ತೀರಿಹೋಗಿದ್ದ, ಇವಳೊಬ್ಬಳೇ ಮಗಳು. ರಶ್ಮಿತಾ ಸಕಲೇಶಪುರದಲ್ಲಿ ಡಿಗ್ರಿ ಮುಗಿಸಿ, ಏನೂ ಸಿಗದೆ ಮನೆಯಲ್ಲಿದ್ದಳು. ಅವಳ ಮಾತು ಸ್ಪಷ್ಟ, ಹೆಜ್ಜೆ ಚುರುಕು. ಹಿಂದೆ ಬರುವವರು ಎಷ್ಟು ಸುಸ್ತಾಗಿದ್ದಾರೆ ಎಂದು ತಿರುಗಿ ನೋಡದೆಯೇ ಅವಳಿಗೆ ತಿಳಿಯುತ್ತಿತ್ತು. ಗೈಡುಗಳಿಗೆ ಕೊಟ್ಟ ನೀಲಿ ಜಾಕೆಟ್ಟನ್ನು ಅವಳು ಮನೆಯಲ್ಲೂ ತೆಗೆಯುವುದಿಲ್ಲ ಎಂದು ಈರಮ್ಮನೇ ಒಂದು ದಿನ ಬಯಲಿಗೆ ಬಂದು ದೂರಿನ ಹಾಗೆ ಹೇಳಿದಳು. ದೂರುವುದಕ್ಕೆ ಬಂದವಳಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಹೋಗುವಾಗ, ಶಿವರಾತ್ರಿ ಆದಮೇಲೆ ಈ ಕೆಲಸ ಇರುತ್ತದೋ ಇಲ್ಲವೋ ಎಂದು ಕೇಳಿದಳು. ಮುಂದಿನ ಚಳಿಗಾಲಕ್ಕೆ ಮತ್ತೆ ಇರುತ್ತದೆ ಎಂದು ಸೌಜನ್ಯ ಹೇಳಿದಾಗ, ಹಾಗಾದರೆ ಮಳೆಗಾಲ ಹೇಗಾದರೂ ಕಳೆಯಬಹುದು ಎಂದುಕೊಂಡು ಹೋದಳು.

ಆ ಚಳಿಗಾಲದ ಮೊದಲರ್ಧ ಚೆನ್ನಾಗಿಯೇ ನಡೆಯಿತು. ಆನೆ ಹತ್ತಿರವಿದ್ದ ದಿನಗಳಲ್ಲಿ ದಾರಿ ಮುಚ್ಚಿದರು. ದೂರದಿಂದ ಬಂದವರು ಜಗಳವಾಡಿದರೂ ಸೌಜನ್ಯ ಜಗ್ಗಲಿಲ್ಲ. ಹುಲ್ಲಿಗೆ ಬೆಂಕಿ ಬೀಳಲಿಲ್ಲ. ಬಸ್ಸು ಸಲೀಸಾಗಿ ತಿರುಗಿತು. ರವಿಚಂದ್ರ, ಈ ಕೆಲಸಕ್ಕೆ ಬಿದ್ದಮೇಲೆ ನಮ್ಮ ತೋಟದ ಕಡೆ ನೀನು ತಿರುಗಿಯೂ ನೋಡಿಲ್ಲ ಎಂದು ಗೊಣಗಿದರೂ, ಹೊರಗಿನವರ ಮುಂದೆ ಹೆಂಡತಿಯ ಬಗ್ಗೆ ಹೆಮ್ಮೆಯಿಂದಲೇ ಮಾತಾಡುತ್ತಿದ್ದ.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ. ಅಕಾಲದ ಮೋಡ ಕವಿದು ಬೆಳಿಗ್ಗೆಯಿಂದ ಬಿಸಿಲೇ ಬಿದ್ದಿರಲಿಲ್ಲ. ಆನೆಗಳ ಹಿಂಡು ಆಲೂರಿನ ಕಡೆ ಇದೆ ಎಂದು ಸಂದೇಶ ಬಂದಿತ್ತು, ದಾರಿ ತೆರೆದಿದ್ದರು. ಮೈಸೂರಿನ ಒಂದು ಕಾಲೇಜಿನ ಮೇಷ್ಟರುಗಳ ಗುಂಪು ತಡವಾಗಿ ಬಂದಿತು. ಊಟ ಮುಗಿಸಿ ಅವರು ಹೊರಡುವ ಹೊತ್ತಿಗೆ ಮಧ್ಯಾಹ್ನ ಇಳಿಯುತ್ತಿತ್ತು. ಕಳಿಸುವುದೋ ಬೇಡವೋ ಎಂದು ಸೌಜನ್ಯ ಯೋಚಿಸಿದಳು. ಅಷ್ಟು ದೂರದಿಂದ ಬಂದವರು, ಹಿರಿಯರು, ಬೇಗ ಇಳಿದುಬಿಡುತ್ತೇವೆ ಎಂದು ಮೆತ್ತಗೆ ಕೇಳಿಕೊಂಡರು. ರಶ್ಮಿತಾಳ ಜೊತೆ ಕಳಿಸಿದಳು.

ಅವರು ಹೊಂಡಕ್ಕೆ ಇಳಿದು, ಹಳ್ಳ ದಾಟಿ, ಏರು ಶುರುಮಾಡುವಷ್ಟರಲ್ಲಿ ರಶ್ಮಿತಾಳಿಗೆ ಬಲಗಡೆಯ ಮೆಳೆಯಲ್ಲಿ ಬಿದಿರು ಮುರಿಯುವ ಸದ್ದು ಕೇಳಿತು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿ, ಎಲ್ಲರನ್ನೂ ಮುಂದೆ ಬಿಟ್ಟು, ತಾನು ಹಿಂದೆ ನಿಂತು, ನಿಲ್ಲಿಸದೆ ಹುಲ್ಲಿನವರೆಗೂ ಹತ್ತಿಸಿದಳು. ಮೇಲಿನಿಂದ ತಿರುಗಿ ನೋಡಿದಾಗ ಮೆಳೆಯ ತುದಿಗಳು ಅಲುಗಾಡುತ್ತಾ ಕೆಳಮುಖವಾಗಿ ಸರಿಯುತ್ತಿದ್ದವು. ಆನೆ ಕಾಣಲಿಲ್ಲ. ಸಿಗ್ನಲ್ ಸಿಗುವ ಬಂಡೆಯ ಹತ್ತಿರ ಬಂದು ಅವಳು ಸೌಜನ್ಯಳಿಗೆ ಫೋನ್ ಮಾಡಿದಳು. "ಅಕ್ಕ, ಹೊಂಡದಾಗೆ ಒಂದು ಐತೆ. ನಾವು ಮ್ಯಾಲೆ ಬಂದ್ಬುಟ್ಟಿದೀವಿ, ಎಲ್ರೂ ಸರಿಯಾಗವ್ರೆ. ವಾಪಸ್ ಅಲ್ಲಿ ಇಳಿಯಾಕಾಗಲ್ಲ."

ಸೌಜನ್ಯ ಗಾಬರಿಯಾಗಲಿಲ್ಲ. ಇಂಥ ಹೊತ್ತಿಗೆಂದೇ ಎಲ್ಲವನ್ನೂ ಮೊದಲೇ ಗೊತ್ತುಮಾಡಿಟ್ಟಿದ್ದಳು. ಧರ್ಮನಿಗೆ ಫೋನ್ ಮಾಡಿ ಜೀಪು ಆಚೆ ಮಗ್ಗುಲಿಗೆ ಓಡಿಸಲು ಹೇಳಿದಳು. ಜಯಕುಮಾರ್‌ಗೆ ತಿಳಿಸಿದಳು, ಅವರು ತಮ್ಮ ತಂಡವನ್ನು ಹೊರಡಿಸಿ, ಮೊಬೈಲುಗಳಿಗೆ ಸಂದೇಶ ಹಾಕಿಸುತ್ತೇನೆ ಎಂದರು. ಮೇಷ್ಟರುಗಳು ತಂಗಿದ್ದ ಹೋಂಸ್ಟೇಗೆ ಹೇಳಿದಳು. ಬಯಲಿನಲ್ಲಿ ಕಾಯುತ್ತಿದ್ದ ಅವರ ಡ್ರೈವರಿಗೆ ಧೈರ್ಯ ಹೇಳಿದಳು. ಚಹಾ ಕಾಯಿಸಿಡಲು ಹೇಳಿದಳು. ರಶ್ಮಿತಾಳಿಗೆ ಮತ್ತೆ ಮತ್ತೆ ಫೋನ್ ಮಾಡಿ, ಎಲ್ಲಿದ್ದೀರಿ, ಯಾರಿಗಾದರೂ ಕಾಲು ನೋವೇ ಎಂದು ವಿಚಾರಿಸಿದಳು. ಕತ್ತಲಾಗುವ ಮೊದಲೇ ಜೀಪು ಎಲ್ಲರನ್ನೂ ತಂದು ಇಳಿಸಿತು. ಹಿರಿಯ ಮೇಷ್ಟರೊಬ್ಬರು ಕೈಮುಗಿದು, ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ನೋಡಿಲ್ಲಮ್ಮ ಎಂದರು. ರಶ್ಮಿತಾ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದಳು. ಮೇಷ್ಟರ ಮಾತು ಕೇಳಿ ನಗುತ್ತಿದ್ದಳು.

ಆಗಲೇ ಸೌಜನ್ಯಳಿಗೆ ಫೋನ್ ಬಂತು. ಪರಮಶಿವಯ್ಯನವರ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಯೋಗಾನಂದ. ರಶ್ಮಿತಾ ಅಲ್ಲೇ ಇದ್ದಾಳೆಯೇ ಎಂದು ಕೇಳಿದ. ಇದ್ದಾಳೆ ಎಂದಾಗ, ಸ್ವಲ್ಪ ದೂರ ಹೋಗಿ ಮಾತಾಡಿ ಎಂದ.

ಹಣ್ಣು ಕುಯ್ದು ಮುಗಿಸಿ ಉಳಿದ ಹೆಂಗಸರೆಲ್ಲ ಮೊದಲೇ ಹೊರಟುಹೋಗಿದ್ದರು. ಮೋಡ ನೋಡಿ, ಕಣದಲ್ಲಿ ಹರವಿದ್ದ ಕಾಫಿಗೆ ಟಾರ್ಪಾಲು ಹೊದಿಸಲು ಈರಮ್ಮ ಹಿಂದೆ ಉಳಿದಿದ್ದಳು. ಹೊದಿಸಿ ಒಬ್ಬಳೇ ಲೈನಿನ ರಸ್ತೆಯಲ್ಲಿ ಬರುತ್ತಿದ್ದಳು. ಹೊಂಡದ ಬಾಯಿ ರಸ್ತೆಗೆ ಕೂಡುವ ತಿರುವಿನಲ್ಲಿ ಆನೆ ಅವಳ ಮೇಲೆ ಬಿದ್ದಿತ್ತು. ಮೊಬೈಲುಗಳಿಗೆ ಬಂದ ಸಂದೇಶವನ್ನು ಲೈನಿನಲ್ಲಿ ಓದಿದವರಿದ್ದರು. ಆದರೆ ಈರಮ್ಮ ಕೆಲಸಕ್ಕೆ ಹೋಗುವಾಗ ಫೋನ್ ಒಯ್ಯುತ್ತಿರಲಿಲ್ಲ.

ಸೌಜನ್ಯ ಫೋನ್ ಕಿವಿಗೆ ಹಿಡಿದುಕೊಂಡೇ ರಶ್ಮಿತಾಳ ಕಡೆ ನೋಡಿದಳು. ಆ ನೋಟದಲ್ಲಿ ಏನು ಕಂಡಿತೋ, ಹುಡುಗಿ ಲೋಟ ಕೆಳಗಿಟ್ಟು ಎದ್ದು ನಿಂತಳು.

ಮರುದಿನ ಈರಮ್ಮನ ಹೆಣವನ್ನು ರಸ್ತೆಯಲ್ಲಿಟ್ಟು ಜನ ಬಸ್ಸು ತಡೆದರು. ಅಧಿಕಾರಿಗಳು ಬಂದರು, ಪರಿಹಾರದ ಮಾತಾಯಿತು. ಹಿಂದೆ ಹೀಗೆ ಸತ್ತವರ ಹೆಸರುಗಳನ್ನು ಒಬ್ಬೊಬ್ಬರಾಗಿ ಎತ್ತಿ ಎತ್ತಿ ಹೇಳಿದರು. ಆನೆಗಳನ್ನು ಹಿಡಿದು ಸಾಗಿಸಿ ಎಂದು ಕೂಗಿದರು. ಹದ್ದಿನಬೋರೆಯ ದಾರಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಗುಂಪಿನ ಅಂಚಿನಲ್ಲಿ ನಿಂತಿದ್ದ ಸೌಜನ್ಯಳಿಗೆ ಅದೇ ಹೆಚ್ಚು ಸಂಕಟವಾಯಿತು. ಯಾರಾದರೂ ತನ್ನ ಕಡೆ ಬೆರಳು ತೋರಿಸಿದ್ದರೆ ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಬದಲಾಗಿ, ನಿಮ್ಮ ಮೇಷ್ಟರುಗಳು ದೇವರ ದಯೆಯಿಂದ ಉಳಿದುಕೊಂಡರು ಎಂದು ಸಮಾಧಾನ ಹೇಳಿದರು.

ಮನೆಗೆ ಬಂದು ಅವಳು ರವಿಚಂದ್ರನಿಗೆ ಹೇಳಿದಳು: "ಯೋಗಾನಂದನ ನಂಬರ್ ನನ್ನ ಫೋನಾಗೆ ಇತ್ತು ಕಣ್ರೀ. ಒಂದು ಫೋನ್ ಮಾಡಿದ್ರೆ ಈರಮ್ಮನ್ನ ಎಸ್ಟೇಟಿನ ಸ್ಟೋರ್‌ನಲ್ಲೇ ಕೂರಿಸ್ಕಂತಿದ್ದ."

ರವಿಚಂದ್ರ ಅವಳ ಪಕ್ಕದಲ್ಲಿ ಬಂದು ಕೂತ. ಆನೆ ಹೊಂಡದಿಂದ ಇಳಿದದ್ದು ನಿಮ್ಮ ಜನ ಹತ್ತಿದ್ದರಿಂದಲೇ ಎಂದು ಹೇಗೆ ಹೇಳುತ್ತೀಯ, ದಿನಾ ಸಂಜೆ ಅದು ಇಳಿಯುವ ಹೊತ್ತೇ ಅದಾಗಿದ್ದಿರಬಹುದು ಎಂದ. ಇರಬಹುದು ಎಂದಳು ಅವಳು. ಅದು ಯಾರಿಗೂ ಯಾವತ್ತೂ ತಿಳಿಯುವಂಥದ್ದಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ತಾನು ಯಾರ್ಯಾರಿಗೆ ಫೋನ್ ಮಾಡಿದೆ ಎಂಬುದು ಅವಳಿಗೆ ತಿಳಿದಿತ್ತು. ಚಹಾದ ನೆನಪಾಗಿತ್ತು. ಡ್ರೈವರಿನ ನೆನಪಾಗಿತ್ತು. ಹೊಂಡದ ಕೆಳಗೆ ಒಂದು ರಸ್ತೆಯಿದೆ, ಸಂಜೆ ಆ ರಸ್ತೆಯಲ್ಲಿ ಜನ ಮನೆಗೆ ಬರುತ್ತಾರೆ ಎಂಬುದು ನೆನಪಾಗಿರಲಿಲ್ಲ. ಚಳಿಗಾಲವಿಡೀ ದಾರಿಯ ಬಗ್ಗೆ ಯೋಚಿಸಿದವಳಿಗೆ, ಹತ್ತಲು ಬಂದವರು ಬಿಟ್ಟರೆ ಬೇರೆ ಯಾರೂ ಆ ದಾರಿಯಲ್ಲಿ ಕಂಡಿರಲಿಲ್ಲ.

ಸಮಿತಿ ಸೇರಿದಾಗ ದಾರಿ ಮುಚ್ಚೋಣ ಎಂದಳು. ಧರ್ಮ ಒಪ್ಪಲಿಲ್ಲ. ದಾರಿ ತೆರೆಯುವ ಮೊದಲೂ ಆನೆ ಜನರನ್ನು ಕೊಂದಿದೆ, ಮುಚ್ಚಿದ ಮೇಲೂ ಕೊಲ್ಲುತ್ತದೆ, ಇದರಿಂದ ನಾಲ್ಕು ಮನೆಯ ಒಲೆ ಉರಿಯುತ್ತಿತ್ತು, ಅದೂ ಹೋಗುತ್ತದೆ ಎಂದ. ಅವನ ಮಾತಿಗೂ ತಲೆಯಾಡಿಸಿದವರಿದ್ದರು. ಕೊನೆಗೆ, ಈ ವರ್ಷಕ್ಕೆ ಮುಚ್ಚೋಣ, ಈರಮ್ಮನ ನೆನಪಿಗೆ ಎಂದು ಒಂದು ಬೋರ್ಡು ಹಾಕೋಣ ಎಂದು ತೀರ್ಮಾನವಾಯಿತು. ಅದನ್ನು ರಶ್ಮಿತಾಳಿಗೆ ತಿಳಿಸಲು ಸೌಜನ್ಯ ಲೈನಿಗೆ ಹೋದಳು.

ತಿಥಿ ಮುಗಿದಿತ್ತು. ಕುಂದೂರಿನಿಂದ ಬಂದಿದ್ದ ಚಿಕ್ಕವ್ವ ಗಂಗಾಮಣಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ರಶ್ಮಿತಾ ಬಾಗಿಲ ಬಳಿ ಕೂತಿದ್ದಳು. ಸೌಜನ್ಯ ಪಕ್ಕದಲ್ಲಿ ಕೂತು, ಬೋರ್ಡಿನ ವಿಷಯ ಹೇಳಿದಳು.

"ಬೋರ್ಡ್ ಬ್ಯಾಡ ಅಕ್ಕ," ಎಂದಳು ರಶ್ಮಿತಾ. "ಮುಚ್ಚೋದಾದ್ರೆ ಮುಚ್ಚಿ. ಅವ್ವನ ಹೆಸ್ರು ಹೇಳ್ಬ್ಯಾಡಿ. ನನಗೋಸ್ಕರ ಅಂತಾನೂ ಹೇಳ್ಬ್ಯಾಡಿ."

ಸೌಜನ್ಯ ಯೋಗಾನಂದನ ನಂಬರಿನ ಮಾತು ಹೇಳಿದಳು. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಹಾಗೇನೂ ಆಗಲಿಲ್ಲ. ರಶ್ಮಿತಾ ಅವಳ ಕಡೆ ನೋಡದೆ ಕೇಳಿಸಿಕೊಂಡಳು.

"ನೀವು ಬಯಲಾಗಿದ್ರಿ. ನಾನು ಮ್ಯಾಲೆ ನಿಂತು ನೋಡ್ತಾ ಇದ್ದೆ," ಎಂದಳು. "ಬಿದಿರು ಅಲ್ಲಾಡ್ತಾ ಅಲ್ಲಾಡ್ತಾ ಕೆಳೀಕೆ ಹೋಯ್ತು. ಅಬ್ಬ, ನಮ್ ಕಡೆ ಬರ್ಲಿಲ್ಲ ಅಂದ್ಕಂಡೆ ಅಕ್ಕ. ಅಷ್ಟೇ ಅಂದ್ಕಂಡಿದ್ದು. ಕೆಳಗೆ ನಮ್ ರಸ್ತೆ. ನಾನು ಹುಟ್ಟಿದಾಗಿಂದ ಓಡಾಡಿರೋ ರಸ್ತೆ."

ಸೌಜನ್ಯ ಅವಳ ಕೈ ಹಿಡಿದಳು. ರಶ್ಮಿತಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಂಗಾಮಣಿ ಬಂದು, ಹುಡುಗಿಯನ್ನು ಕುಂದೂರಿಗೆ ಕರೆದುಕೊಂಡು ಹೋಗುತ್ತೇನೆ, ಇಲ್ಲಿ ಒಬ್ಬಳೇ ಹೇಗಿರುತ್ತಾಳೆ ಎಂದಳು. ಮುಂದಿನ ವಾರ ಅವರು ಹೊರಟುಹೋದರು.

ದಾರಿಗೆ ಅಡ್ಡ ಮುಳ್ಳು ಹಾಕಿದರು. ಜನ ಮುಳ್ಳಿನ ಪಕ್ಕದಿಂದಲೇ ನುಗ್ಗಿ ಹತ್ತಿದರು. ಧರ್ಮ ಗೈಡಿಲ್ಲದೆಯೇ ಒಂದೆರಡು ಗುಂಪುಗಳನ್ನು ಆಚೆ ಮಗ್ಗುಲಿನಿಂದ ಹತ್ತಿಸಿದನೆಂದು ಸುದ್ದಿಯಾಯಿತು. ಕಾರುಗಳು ಮತ್ತೆ ರಸ್ತೆಯ ಬದಿ ನಿಂತವು. ಫೆಬ್ರವರಿಯಲ್ಲಿ ಹುಲ್ಲು ಸುಟ್ಟಿತು. ಯಸಳೂರಿನವರೆಗೂ ಬೂದಿ ಹಾರಿ ಬಂದು ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ಕೂತಿತು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ಪರಮಶಿವಯ್ಯನವರು ತಾವೇ ಸೌಜನ್ಯಳ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ಜಗುಲಿಯಲ್ಲೇ ಕೂತು, ಒಳಗೆ ಬನ್ನಿ ಎಂದರೂ ಏಳಲಿಲ್ಲ. ಈ ಚಳಿಗಾಲಕ್ಕೆ ಗೇಟು ತೆಗೆಸುತ್ತೇನೆ, ನನ್ನ ಕಡೆಯಿಂದ ಒಬ್ಬ ಆಳು ಗೇಟಿನ ಹತ್ತಿರವೇ ಇರುತ್ತಾನೆ, ಬೆಳಗಿನ ಹೊತ್ತು ಮಾತ್ರ ಜನ ಹೋಗಿಬರಲಿ ಎಂದರು.

"ಈಗ ಕೊಡ್ತೀರಲ್ಲ ಪರಮಶಿವಣ್ಣ," ಎಂದಳು ಸೌಜನ್ಯ. ಬೇರೇನೋ ಹೇಳಬೇಕೆಂದುಕೊಂಡಿದ್ದವಳ ಬಾಯಿಂದ ಅದೇ ಬಂತು.

ಅವರು ತಲೆ ಎತ್ತಲಿಲ್ಲ. "ನನ್ನ ಕಣದ ಕಾಫಿಗೆ ಟಾರ್ಪಾಲ್ ಹಾಕಾಕೆ ನಿಂತಿದ್ಲು ಕಣವ್ವ ಅವಳು," ಎಂದರು. "ನಾನೇ ನಿಲ್ಸಿದ್ದೆ."

ಚಪ್ಪಲಿ ಮೆಟ್ಟಿಕೊಂಡು ಅವರು ಅಂಗಳ ದಾಟಿ ಹೋದರು.

ಸೌಜನ್ಯ ಹೊಸದಾಗಿ ಎಲ್ಲವನ್ನೂ ಗೊತ್ತುಮಾಡಿದಳು. ಈ ಸಲ ಶುರುಮಾಡಿದ್ದು ಗುಡ್ಡದಿಂದಲ್ಲ, ಲೈನಿನಿಂದ. ಯಾರು ಯಾವ ತೋಟಕ್ಕೆ ಯಾವ ರಸ್ತೆಯಲ್ಲಿ ಹೋಗುತ್ತಾರೆ, ಯಾವಾಗ ಬರುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿದಳು. ಹೊಂಡದ ದಾರಿಯನ್ನು ಪೂರ್ತಿ ಬಿಟ್ಟರು. ಮಧ್ಯಾಹ್ನದ ಮೇಲೆ ಗುಡ್ಡದಲ್ಲಿ ಯಾರೂ ಇರಕೂಡದೆಂದು ಮಾಡಿದರು. ಸಂಜೆ ಲೈನಿನ ರಸ್ತೆಯಲ್ಲಿ ಕೊನೆಯವರು ಮನೆ ಸೇರುವವರೆಗೂ ಯಾರಾದರೊಬ್ಬರು ಎಚ್ಚರವಿಟ್ಟಿರಬೇಕು, ಆನೆಯ ಸುದ್ದಿಯನ್ನು ಬಾಯಲ್ಲೇ ಹೇಳಿ ಮುಟ್ಟಿಸಬೇಕು ಎಂದಾಗ, ಆ ಕೆಲಸಕ್ಕೆ ಸಮಿತಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಗುಡ್ಡ ಹತ್ತಿಸುವುದಕ್ಕೆ ಜನ ಸಿಕ್ಕಿದ್ದರು. ಇದನ್ನು ಸೌಜನ್ಯ ತಾನೇ ವಹಿಸಿಕೊಂಡಳು.

ಆ ಚಳಿಗಾಲದಲ್ಲಿ ಏನೂ ಅನಾಹುತವಾಗಲಿಲ್ಲ. ಅದರಿಂದ ಅವಳಿಗೆ ಸಂತೋಷವೂ ಆಗಲಿಲ್ಲ. ಸಂಜೆಗಳಲ್ಲಿ, ಮಂಜು ಇಳಿಯುವ ಹೊತ್ತಿಗೆ, ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ಬೇಗಬೇಗ ಹೆಜ್ಜೆ ಹಾಕುತ್ತಾ ಬರುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಅವರು ಮೊದಲೆಲ್ಲ ನಿಂತು ಮಾತಾಡಿಸುತ್ತಿದ್ದರು. ಬರುಬರುತ್ತಾ ತಲೆಯಾಡಿಸಿ ಮುಂದೆ ಹೋಗತೊಡಗಿದರು.

ರಶ್ಮಿತಾಳನ್ನು ಅವಳು ಮತ್ತೆ ನೋಡಿದ್ದು ಒಂದೇ ಸಲ, ಆಲೂರಿನ ಬಸ್ ನಿಲ್ದಾಣದಲ್ಲಿ. ಸೌಜನ್ಯ ಪಂಚಾಯ್ತಿ ಕೆಲಸಕ್ಕೆ ಹೋಗಿದ್ದಳು. ರಶ್ಮಿತಾ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳಂತೆ. ಕುಂದೂರಿನ ಬಸ್ಸಿಗೆ ಕಾಯುತ್ತಿದ್ದಳು. ಮೈ ಇಳಿದಿತ್ತು. ಚಿಕ್ಕವ್ವ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದಳು. ಗೈಡ್ ಕೆಲಸಕ್ಕೆ ವಾಪಸು ಬಾ ಎಂದು ಕರೆಯಬೇಕೆಂದುಕೊಂಡ ಸೌಜನ್ಯ, ಅವಳ ಮುಖ ನೋಡಿ ಆ ಮಾತು ಎತ್ತಲಿಲ್ಲ. ದಾರಿ ಎಸ್ಟೇಟಿನ ಒಳಗಿಂದ ಹೋಗುತ್ತಿದೆ ಎಂದಷ್ಟೇ ತಿಳಿಸಿದಳು.

"ಲೈನ್ ಕಡೀಕೆ ಈಗ ಯಾರು ಹೇಳ್ತಾರೆ ಅಕ್ಕ, ಆನೆ ಬಂದ್ರೆ?"

"ನಾನೇ ಹೋಗ್ತೀನಿ. ಎಲ್ರೂ ಮನೆ ಸೇರೋಗಂಟ ಅಲ್ಲೇ ಇರ್ತೀನಿ."

ರಶ್ಮಿತಾ ಇಳಿಯುತ್ತಿದ್ದ ಬಿಸಿಲಿನ ಕಡೆ ನೋಡಿದಳು. "ಇವತ್ತು ನೀವು ಇಲ್ಲಿದೀರಲ್ಲ," ಎಂದಳು.

ಅವಳು ಆಡಿಕೊಳ್ಳಲು ಹೇಳಿದ್ದಲ್ಲ. ಸೌಜನ್ಯ ಕೂಡಲೇ ಫೋನ್ ತೆಗೆದು ಯೋಗಾನಂದನಿಗೆ ಕರೆ ಮಾಡಿದಳು. ಹೆಂಗಸರೆಲ್ಲ ಇನ್ನೂ ತೋಟದಲ್ಲೇ ಇದ್ದಾರೆ, ಆನೆಯ ಸುದ್ದಿ ಏನೂ ಇಲ್ಲ, ನಾನೇ ಕಳಿಸಿಕೊಡುತ್ತೇನೆ ಎಂದ ಅವನು. ಅವಳು ಎರಡನೆಯ ಸಲವೂ ಅದನ್ನೇ ಕೇಳಿ, ಅವನಿಂದ ಅದನ್ನೇ ಹೇಳಿಸಿಕೊಂಡು, ಫೋನ್ ಇಡುವಷ್ಟರಲ್ಲಿ ಕುಂದೂರಿನ ಬಸ್ಸು ಬಂದು, ಜನ ನುಗ್ಗಿ, ರಶ್ಮಿತಾ ಆ ಗುಂಪಿನಲ್ಲಿ ಹತ್ತಿಹೋಗಿದ್ದಳು. ಯಾವ ಕಿಟಕಿಯಲ್ಲಿ ಕೂತಿದ್ದಾಳೋ ಎಂದು ಸೌಜನ್ಯ ಹುಡುಕಿದಳು. ಧೂಳು ಹಿಡಿದ ಗಾಜಿನ ಹಿಂದೆ ಎಲ್ಲರ ಮುಖವೂ ಒಂದೇ ಥರ ಕಾಣುತ್ತಿತ್ತು. ಬಸ್ಸು ಹೊರಟ ಮೇಲೆ ಅವಳು ಯಸಳೂರಿನ ಕಡೆಗೆ ಹೋಗಲು ಯಾವ ಬಸ್ಸು ಬೇಗ ಸಿಗುತ್ತದೆ ಎಂದು ವಿಚಾರಿಸುತ್ತಾ ನಿಂತಳು.